ಲೋಪವೋ ನಾಶವೋ? : ಮನೆಯ ಸರ್ವರಿನಲ್ಲಿ ಕಾಣದಾದ ಕಡತಗಳ ವಿಚಾರ

೧. ಪೀಠಿಕೆ

ವ್ಯಾಕರಣವನ್ನು ಸಾಂಪ್ರದಾಯಿಕ ಕ್ರಮದಲ್ಲಿ ಅಭ್ಯಾಸ ಮಾಡಿದವರಿಗೆ ‘ಲೋಪ’ ಎಂಬ ಸಂಜ್ಞೆಯ ಪರಿಚಯ ಪ್ರಾರಂಭದಲ್ಲಿಯೇ ಆಗುತ್ತದೆ. ಪಾಣಿನಿಯು ಲೋಪವನ್ನು ಅದರ್ಶನವೆಂದು ನಿರೂಪಿಸಿದ್ದಾನೆ. ಇರಬೇಕಾದ ಸ್ಥಾನದಲ್ಲಿ ಕಾಣದಿರುವುದೇ ಲೋಪ. ಪ್ರತ್ಯಯವು ಲೋಪವಾದರೂ ಅದನ್ನು ನಿಮಿತ್ತವಾಗಿಟ್ಟುಕೊಂಡ ಕಾರ್ಯವು ನಡೆಯುತ್ತದೆಂದೂ ಆತನೇ ವಿಧಿಸಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೂ ಲೋಪದ ವ್ಯವಹಾರ ಹೊಸತಲ್ಲ. ಪ್ರೌಢಶಾಲೆಯ ಬಾಲಕನು ‘ಬೇರೊಬ್ಬ’ ಎಂಬುದನ್ನು ಬಿಡಿಸಿ ‘ಬೇರೆ + ಒಬ್ಬ’ ಎಂದು ಬರೆಯುವಾಗ, ಲೋಪವಾದ ಎಕಾರವನ್ನು ಮರಳಿ ತಂದು ಅದರ ಸ್ಥಾನದಲ್ಲಿ ನಿಲ್ಲಿಸುತ್ತಾನೆ.

ಈ ಪಾಠವನ್ನು ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಹೇಳಿದ ನಾನು ಅದರ ತಾತ್ಪರ್ಯವನ್ನು ಸರಿಯಾಗಿ ಗ್ರಹಿಸಿದ್ದು ಕಳೆದ ಬೇಸಗೆಯಲ್ಲಿ, ನನ್ನ ಮನೆಯ ಒಂದು ಸಣ್ಣ ಯಂತ್ರದ ಮುಂದೆ ಕಂಗೆಟ್ಟು ಕುಳಿತಿದ್ದಾಗ. ಹನ್ನೆರಡು ವರ್ಷಗಳ ಸಂಗ್ರಹವು ಒಂದು ಮುಂಜಾನೆ ಕಾಣದಾಯಿತು. ಅದು ನಾಶವಾಯಿತೆಂದು ನಾನು ನಿರ್ಧರಿಸಿದೆ, ನಿರಪರಾಧಿಯೊಬ್ಬನನ್ನು ದೂಷಿಸಿದೆ, ಕಡೆಗೆ ಎಲ್ಲವೂ ದೊರೆತಾಗ ತಲೆ ತಗ್ಗಿಸಿದೆ. ಇಂದು ನಮ್ಮ ಅಧ್ಯಾಪಕ ಮಿತ್ರರ ಮತ್ತು ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಮದುವೆಯ ಚಿತ್ರದಿಂದ ಹಿಡಿದು ಜಮೀನಿನ ಪಹಣಿಯವರೆಗೆ ಸಕಲವೂ ಇಂಥ ಯಂತ್ರಗಳನ್ನು ಸೇರಿರುವುದರಿಂದ, ನನ್ನ ಅನುಭವವನ್ನೂ ಅದರಿಂದ ಕಲಿತ ಕ್ರಮವನ್ನೂ ಈ ಸಂಚಿಕೆಯ ವಾಚಕರ ಮುಂದಿರಿಸುವುದು ಉಚಿತವೆಂದು ಭಾವಿಸಿದ್ದೇನೆ. ನಾನು ಯಂತ್ರಶಾಸ್ತ್ರಜ್ಞನಲ್ಲ. ತಿಳಿದವರನ್ನು ಕೇಳಿ, ಸ್ವತಃ ಮಾಡಿ ನೋಡಿ, ಖಚಿತವಾದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

೨. ನ್ಯಾಸವೆಂಬ ಯಂತ್ರ

ಪಾವಗಡ ತಾಲ್ಲೂಕು ಬಹುತೇಕ ಎಲ್ಲ ದಿಕ್ಕುಗಳಲ್ಲಿಯೂ ಆಂಧ್ರಪ್ರದೇಶದಿಂದ ಆವೃತವಾದುದು. ಇಲ್ಲಿಯ ಹಳ್ಳಿಗಳಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ರಾಗಿ ಬೀಸುವಾಗ, ಕಡಲೆಕಾಯಿ ಬಿಡಿಸುವಾಗ, ಹೆಣ್ಣುಮಕ್ಕಳು ಎರಡು ಭಾಷೆಗಳನ್ನೂ ಹೆಣೆದು ಹಾಡುತ್ತಿದ್ದ ಪದಗಳನ್ನು ನಾನು ೨೦೧೨ರಿಂದ ಧ್ವನಿಮುದ್ರಿಸುತ್ತ ಬಂದೆ. ತಿರುಮಣಿಯ ಸುತ್ತಣ ಹೊಲಗಳಲ್ಲಿ ಈಗ ಕಡಲೆಕಾಯಿಯ ಬಳ್ಳಿಗೆ ಬದಲಾಗಿ ಗಾಜಿನ ಫಲಕಗಳು ಹಬ್ಬಿವೆ. ೨೦೧೮ರಲ್ಲಿ ಉದ್ಘಾಟನೆಗೊಂಡ ಅಲ್ಲಿಯ ಸೌರ ವಿದ್ಯುತ್ ಪಾರ್ಕು ಸುಮಾರು ೧೩,೦೦೦ ಎಕರೆಗಳಷ್ಟು ವಿಸ್ತಾರವುಳ್ಳದ್ದು. ಅದರ ಸಾಮರ್ಥ್ಯ ೨,೦೫೦ ಮೆಗಾವ್ಯಾಟ್. ಮಳೆಯನ್ನು ನಂಬಿ ಸೋತ ರೈತನಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳ ಗುತ್ತಿಗೆ ಹಣ ದೊರೆತದ್ದು ಸಂತೋಷದ ವಿಷಯವೇ. ಆದರೆ ಆ ಹೊಲದ ಕೆಲಸದೊಡನೆ ಹುಟ್ಟಿದ ಹಾಡಿಗೆ ಇನ್ನು ಹೊಲವಿಲ್ಲ. ಹಾಡಿದ ಮುದುಕಿಯರಲ್ಲಿ ಅನೇಕರು ಕಾಲವಾದರು. ನನ್ನ ತಾಯಿಯವರು ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ನಾಲ್ಕು ಪದಗಳೂ ಆ ಸಂಗ್ರಹದಲ್ಲಿಯೇ ಇದ್ದವು.

ಇವೆಲ್ಲವನ್ನೂ ಕೂಡಿಡಲು ನನ್ನ ಸೋದರಳಿಯನು ಒಂದು ಹಳೆಯ ಕಂಪ್ಯೂಟರನ್ನೇ ಸಜ್ಜುಗೊಳಿಸಿ ಮನೆಯ ಸರ್ವರಾಗಿ ಮಾಡಿಕೊಟ್ಟಿದ್ದನು. ಮನೆಯ ಯಾವ ಮೂಲೆಯಿಂದಲಾದರೂ, ಫೋನಿನಿಂದಲಾಗಲಿ ಲ್ಯಾಪ್‌ಟಾಪಿನಿಂದಲಾಗಲಿ, ಇದರೊಳಗಿನ ಕಡತಗಳನ್ನು ತೆರೆಯಬಹುದು. ಇಂಥ ಯಂತ್ರಕ್ಕೆ ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’ ಎಂಬ ಮೂರು ಆಂಗ್ಲಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ನ್ಯಾಸ್’ ಎನ್ನುತ್ತಾರೆ. ಈ ಹೆಸರನ್ನು ಕೇಳಿದಾಗ ನನಗೆ ವಿನೋದವೆನಿಸಿತು. ನಮ್ಮಲ್ಲಿ ‘ನ್ಯಾಸ’ವೆಂದರೆ ಒಬ್ಬನು ಮತ್ತೊಬ್ಬನ ವಶದಲ್ಲಿ ನಂಬಿಕೆಯಿಂದ ಇರಿಸಿದ ವಸ್ತು, ಕೇಳಿದಾಗ ಮರಳಿಸಲೇಬೇಕಾದ ಒಡವೆ. ಹೆಸರು ಆಕಸ್ಮಿಕವಾಗಿ ಬಂದಿದ್ದರೂ ಅರ್ಥ ಚೆನ್ನಾಗಿಯೇ ಕೂಡಿಕೊಂಡಿದೆ.

ನನ್ನ ಯಂತ್ರದ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಕಂಪ್ಯೂಟರಿನ ಒಳಗೆ ೧೨೦ ಗಿಗಾಬೈಟಿನ ಒಂದು ಚಿಕ್ಕ ಡಿಸ್ಕು. ಯಂತ್ರವನ್ನು ನಡೆಸುವ ತಂತ್ರಾಂಶ ಅದರಲ್ಲಿದೆ. ಹೊರಗೆ ಒಂದು ಪೆಟ್ಟಿಗೆಯಲ್ಲಿ ತಲಾ ೪ ಟೆರಾಬೈಟಿನ ಎರಡು ದೊಡ್ಡ ಡಿಸ್ಕುಗಳು, ಸಂಗ್ರಹವೆಲ್ಲ ಅವುಗಳಲ್ಲಿದೆ. ಪೆಟ್ಟಿಗೆಗೆ ಬೇರೆಯೇ ಅಡಾಪ್ಟರು, ಬೇರೆಯೇ ಪ್ಲಗ್ಗು. ಚಿಕ್ಕ ಡಿಸ್ಕಿನಲ್ಲಿ ‘ಸಂಗ್ರಹ’ವೆಂಬ ಹೆಸರಿನ ಒಂದು ಬರಿದಾದ ಫೋಲ್ಡರು ಉಂಟು. ಯಂತ್ರವು ಚಾಲೂ ಆಗುವಾಗ ದೊಡ್ಡ ಡಿಸ್ಕುಗಳನ್ನು ಆ ಫೋಲ್ಡರಿನ ಸ್ಥಾನಕ್ಕೆ ತಂದು ಜೋಡಿಸುತ್ತದೆ. ಈ ಜೋಡಣೆಗೆ ಬಲ್ಲವರು ‘ಮೌಂಟ್’ ಮಾಡುವುದು ಎನ್ನುತ್ತಾರೆ. ಬರಿ ನೆಲದ ಮೇಲೆ ಜಮಖಾನೆ ಹಾಸಿದಂತೆ ಇದೆಂದು ತಿಳಿಯಬಹುದು. ಹಾಸಿರುವಾಗ ಜಮಖಾನೆ ಕಾಣುತ್ತದೆ; ತೆಗೆದರೆ ನೆಲ ಕಾಣುತ್ತದೆ; ಎರಡಕ್ಕೂ ಕರೆಯುವ ಹೆಸರು ಒಂದೇ.

೩. ನಡೆದ ಸಂಗತಿ

ವೈಶಾಖದ ಒಂದು ಸಂಜೆ ಗುಡುಗು ಮಿಂಚುಗಳೊಡನೆ ಬಿರುಗಾಳಿ ಎದ್ದಿತು. ಸಿಡಿಲಿಗೆ ಅಂಜಿ ನಾನು ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತೆ. ರಾತ್ರಿ ಗಾಳಿ ನಿಂತ ಮೇಲೆ ಒಂದೊಂದಾಗಿ ಮತ್ತೆ ಸಿಕ್ಕಿಸಿದೆ. ಮರುದಿನ ಬೆಳಿಗ್ಗೆ ‘ಸಂಗ್ರಹ’ವನ್ನು ತೆರೆದು ನೋಡಿದರೆ ಅದರಲ್ಲಿ ಒಂದು ಕಡತವೂ ಇಲ್ಲ.

ಅದಕ್ಕೆ ಹಿಂದಿನ ವಾರ ನನ್ನ ಅಳಿಯನು ಬಂದಿದ್ದಾಗ ಯಂತ್ರದೊಳಗೆ ಏನನ್ನೋ ಓರಣಗೊಳಿಸುತ್ತಿದ್ದುದನ್ನು ನಾನು ಕಂಡಿದ್ದೆ. ಕೂಡಲೆ ಅವನಿಗೆ ಫೋನು ಮಾಡಿ, ಆಡಬಾರದ ಮಾತುಗಳನ್ನಾಡಿದೆ. “ಮಾವ, ನಾನು ಒಂದನ್ನೂ ಅಳಿಸಿಲ್ಲ. ನೀವು ಯಂತ್ರವನ್ನು ಮುಟ್ಟದೆ ಬಿಡಿ, ಭಾನುವಾರ ಬಂದು ನೋಡುತ್ತೇನೆ” ಎಂದನು. ಕೋಪದಲ್ಲಿದ್ದ ನನಗೆ ಆ ಮಾತು ನುಣುಚಿಕೊಳ್ಳುವ ಉಪಾಯವಾಗಿ ತೋರಿತು.

ಅದೇ ಮಧ್ಯಾಹ್ನ ಪರಿಚಿತರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ತಂದು, ಡಿಸ್ಕಿನ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿದರು. ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಅದರ ಪರದೆಯ ಮೇಲೆ ಸೂಚನೆ ಬಂದಿತು. ಅವರು ಸದುದ್ದೇಶದಿಂದಲೇ ಗುಂಡಿಯನ್ನು ಒತ್ತಲು ಹೊರಟರು. ಅಳಿಯನ “ಮುಟ್ಟದೆ ಬಿಡಿ” ಎಂಬ ಮಾತು ಆ ಕ್ಷಣದಲ್ಲಿ ನೆನಪಾಗಿ ನಾನು ಅವರ ಕೈ ಹಿಡಿದೆ. ಆ ಸೂಚನೆಯ ಅರ್ಥ ನನಗೆ ಆಮೇಲೆ ತಿಳಿಯಿತು: ಸರ್ವರಿನ ಡಿಸ್ಕುಗಳನ್ನು ಲಿನಕ್ಸ್ ಎಂಬ ತಂತ್ರಾಂಶದ ಪದ್ಧತಿಯಲ್ಲಿ ಬರೆದಿರುತ್ತಾರೆ, ವಿಂಡೋಸ್ ಯಂತ್ರಕ್ಕೆ ಆ ಪದ್ಧತಿಯನ್ನು ಓದಲು ಬಾರದು. ತನಗೆ ಓದಲು ಬಾರದ ಡಿಸ್ಕನ್ನು ಅದು ಖಾಲಿಯೆಂದೇ ಎಣಿಸಿ, ಹೊಸದಾಗಿ ಗೆರೆ ಹೊಡೆದುಕೊಳ್ಳಲೇ ಎಂದು ಕೇಳುತ್ತದೆ. ಒಪ್ಪಿಗೆ ಕೊಟ್ಟಿದ್ದರೆ ಲೋಪವು ನಾಶದ ಹಾದಿ ಹಿಡಿಯುತ್ತಿತ್ತು.

ಪೆಟ್ಟಿಗೆಯನ್ನು ಮರಳಿ ಸರ್ವರಿಗೆ ಜೋಡಿಸಿದೆ. ಫೋಲ್ಡರು ಬರಿದಾಗಿಯೇ ಇತ್ತು. ಅಷ್ಟರಲ್ಲಿ ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದ ಹಳೆಯ ಛಾಯಾಚಿತ್ರಗಳ ಕೆಲಸ ಬಾಕಿಯಿತ್ತು. ಶಾಲೆಯ ಮೊದಲ ತಂಡಗಳ ಚಿತ್ರಗಳು, ಹಾಜರಿ ಪುಸ್ತಕದ ಪುಟಗಳು, ಈಗಿಲ್ಲದ ಹಂಚಿನ ಕಟ್ಟಡದ ಎದುರು ನಿಂತ ಅಧ್ಯಾಪಕರು, ಹೀಗೆ ೪೧೨ ಚಿತ್ರಗಳ ಪ್ರತಿಗಳನ್ನು ಕ್ಯಾಮೆರಾದ ಕಾರ್ಡಿನಿಂದ ಆ ಬರಿದಾದ ಫೋಲ್ಡರಿಗೇ ತುಂಬಿದೆ. ಮೂಲಚಿತ್ರಗಳನ್ನು ಕೊಟ್ಟವರಿಗೆ ಹಿಂದಿರುಗಿಸಿದೆ. ಕಾರ್ಡನ್ನು ಮುಂದಿನ ಕೆಲಸಕ್ಕಾಗಿ ಅಳಿಸಿ, ಅದರಲ್ಲಿ ಬೇರೆ ಚಿತ್ರಗಳನ್ನೂ ತೆಗೆದೆ.

ನಾಲ್ಕನೆಯ ದಿನ, ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೇರೊಂದು ಕಾರ್ಯಕ್ಕಾಗಿ ಫೋನು ಮಾಡಿದಾಗ ನನ್ನ ದುಃಖವನ್ನು ತೋಡಿಕೊಂಡೆ. ಅವರು ಸಮಾಧಾನವನ್ನೇನೂ ಹೇಳದೆ ಒಂದು ಪ್ರಶ್ನೆ ಕೇಳಿದರು: “ಗುರುಗಳೇ, ಆ ಫೋಲ್ಡರಿರುವ ಜಾಗದ ಒಟ್ಟು ಅಳತೆ ಎಷ್ಟೆಂದು ಯಂತ್ರ ತೋರಿಸುತ್ತದೆ?” ನೋಡಿ ಹೇಳಿದೆ: ೧೨೦ ಗಿಗಾಬೈಟ್. “ಹಾಗಾದರೆ ನೀವು ನಾಲ್ಕು ದಿನಗಳಿಂದ ನೋಡುತ್ತಿರುವುದು ದೊಡ್ಡ ಡಿಸ್ಕನ್ನಲ್ಲ, ಚಿಕ್ಕ ಡಿಸ್ಕನ್ನು. ದೊಡ್ಡದು ಜೋಡಣೆಯೇ ಆಗಿಲ್ಲ. ಮಳೆಯ ದಿನ ಯಾವ ಪ್ಲಗ್ಗನ್ನು ಮೊದಲು ಹಾಕಿದಿರಿ?”

ಆಗ ನೆನಪಾಯಿತು. ಮೊದಲು ಕಂಪ್ಯೂಟರಿನದನ್ನು ಹಾಕಿದ್ದೆ. ಪೆಟ್ಟಿಗೆಯದನ್ನು ಹಾಕಿದ್ದು ಊಟವಾದ ಮೇಲೆ. ಯಂತ್ರವು ಎದ್ದಾಗ ಪೆಟ್ಟಿಗೆಗೆ ವಿದ್ಯುತ್ತೇ ಇರಲಿಲ್ಲ. ಜಮಖಾನೆ ಸಿಕ್ಕದೆ ಅದು ಬರಿಯ ನೆಲವನ್ನೇ ತೋರಿಸುತ್ತ ಕುಳಿತಿತ್ತು. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಪೆಟ್ಟಿಗೆಯನ್ನು ಮೊದಲು, ಕಂಪ್ಯೂಟರನ್ನು ಅನಂತರ ಚಾಲೂ ಮಾಡಿದೆ. ಹನ್ನೆರಡು ವರ್ಷಗಳ ಸಂಗ್ರಹ ಒಂದೂ ಕುಂದದೆ ಮರಳಿತು. ತಾಯಿಯವರ ಧ್ವನಿಯನ್ನು ಕೇಳಿದೆ. ಅಪರಾಧ ನನ್ನದೇ ಆಗಿತ್ತು. ನಿಂದನೆ ಅಳಿಯನ ಪಾಲಾಗಿತ್ತು.

ಸಂತೋಷ ಹತ್ತು ನಿಮಿಷವೂ ನಿಲ್ಲಲಿಲ್ಲ. ಹಳೆಯದೆಲ್ಲ ಬಂದಿತು; ಎರಡು ದಿನಗಳ ಹಿಂದೆ ತುಂಬಿದ ೪೧೨ ಚಿತ್ರಗಳು ಮಾತ್ರ ಕಾಣಲಿಲ್ಲ! ಈ ಸಲ ಯಾರನ್ನೂ ದೂಷಿಸದೆ ಅದೇ ವಿದ್ಯಾರ್ಥಿಗೆ ಮತ್ತೆ ಫೋನು ಮಾಡಿದೆ. ಅವರು ನಕ್ಕು, “ಚಿಕ್ಕ ಡಿಸ್ಕಿನಲ್ಲಿ ಮೊದಲು ಎಷ್ಟು ತುಂಬಿತ್ತು, ಈಗ ಎಷ್ಟು ತುಂಬಿದೆ?” ಎಂದರು. ಅಳಿಯನು ಯಂತ್ರದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ೧೪ ಗಿಗಾಬೈಟ್ ಎಂದಿತ್ತು. ಪರದೆ ೩೨ ಎಂದು ತೋರಿಸಿತು. ಕಾಣುವ ಕಡತ ಒಂದೂ ಹೆಚ್ಚಿಲ್ಲ, ಭಾರ ಮಾತ್ರ ೧೮ ಗಿಗಾಬೈಟ್ ಹೆಚ್ಚಿದೆ. ಪ್ರತ್ಯಯ ಕಾಣದು, ಅದರ ಕಾರ್ಯ ಕಾಣುತ್ತಿದೆ! ಚಿತ್ರಗಳೆಲ್ಲ ನೆಲದ ಮೇಲೆಯೇ ಇದ್ದವು. ಅವುಗಳ ಮೇಲೆ ಜಮಖಾನೆ ಹಾಸಿಕೊಂಡಿತ್ತು. ಅವರ ಮಾರ್ಗದರ್ಶನದಂತೆ ದೊಡ್ಡ ಡಿಸ್ಕಿನ ಜೋಡಣೆಯನ್ನು ತಾತ್ಕಾಲಿಕವಾಗಿ ಬಿಡಿಸಿ, ಕೆಳಗಿದ್ದ ಚಿತ್ರಗಳನ್ನು ಬೇರೊಂದು ಹೆಸರಿನ ಫೋಲ್ಡರಿಗೆ ಸರಿಸಿ, ಮತ್ತೆ ಜೋಡಿಸಿದೆ. ಎಣಿಸಿದಾಗ ೪೧೨ ಸರಿಯಾಗಿ ಇದ್ದವು.

೪. ಅದರ್ಶನದ ಪ್ರಕಾರಗಳು

ಇಷ್ಟಾದ ಮೇಲೆ, ಕಡತವು ಇದ್ದೂ ಕಾಣದಿರುವುದಕ್ಕೆ ಎಷ್ಟು ಕಾರಣಗಳುಂಟೆಂದು ವಿಚಾರಿಸತೊಡಗಿದೆ. ಮುಖ್ಯವಾದವು ಇವು.

ಒಂದನೆಯದು ಸ್ಥಾನಲೋಪ. ಮೇಲೆ ಹೇಳಿದ ಜೋಡಣೆಯ ದೋಷ ಈ ವರ್ಗದ್ದು. ಗುಪ್ತಲಿಪಿಯಲ್ಲಿ ಬೀಗ ಹಾಕಿದ ಫೋಲ್ಡರುಗಳು ವಿದ್ಯುತ್ತು ಹೋಗಿ ಬಂದ ಮೇಲೆ ತಾವಾಗಿ ತೆರೆದುಕೊಳ್ಳದಿರುವುದೂ ಇದರಲ್ಲಿಯೇ ಸೇರುತ್ತದೆ. ಕೀಲಿಪದವನ್ನು ಕೊಟ್ಟೊಡನೆ ಅವು ಕಾಣುತ್ತವೆ. ಫೋಲ್ಡರು ಬರಿದಾಗಿ ಕಂಡಾಗ ಮೊದಲು ನೋಡತಕ್ಕದ್ದು ಡಿಸ್ಕಿನ ಒಟ್ಟು ಅಳತೆ ಮತ್ತು ತುಂಬಿದ ಅಳತೆ. ಒಟ್ಟು ಅಳತೆಯೇ ಬೇರೆಯಾಗಿದ್ದರೆ ನೋಡುತ್ತಿರುವ ಡಿಸ್ಕೇ ಬೇರೆ. ಒಟ್ಟು ಸರಿಯಾಗಿದ್ದು, ತುಂಬಿದ ಅಳತೆಯೂ ಮೊದಲಿನಷ್ಟೇ ಇದ್ದರೆ ಕಡತಗಳು ಅಲ್ಲಿಯೇ ಇವೆಯೆಂದು ಧೈರ್ಯ ತಾಳಬಹುದು.

ಎರಡನೆಯದು ಅಧಿಕಾರಲೋಪ. ಸರ್ವರಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಇಂತಿಂಥದನ್ನು ಮಾತ್ರ ಕಾಣುವ ಅಧಿಕಾರವಿರುತ್ತದೆ. ಅಧಿಕಾರವಿಲ್ಲದ ಫೋಲ್ಡರುಗಳನ್ನು ಮರೆಮಾಡುವ ಏರ್ಪಾಡೂ ಅನೇಕ ಯಂತ್ರಗಳಲ್ಲಿ ಉಂಟು. ಮಗನ ಹೆಸರಿನಲ್ಲಿ ಪ್ರವೇಶಿಸಿದಾಗ ಕಂಡದ್ದು ತಂದೆಯ ಹೆಸರಿನಲ್ಲಿ ಕಾಣದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನಾನು ಈಗ ಯಾರ ಹೆಸರಿನಲ್ಲಿ ಒಳಹೊಕ್ಕಿದ್ದೇನೆಂದು ನೋಡಿಕೊಳ್ಳಬೇಕು.

ಮೂರನೆಯದು ಸ್ಥಳಾಂತರ. ಬೆರಳು ಜಾರಿ ಒಂದು ಫೋಲ್ಡರು ಪಕ್ಕದ ಫೋಲ್ಡರಿನೊಳಗೆ ಸೇರಿಬಿಡುವುದು ನಿತ್ಯದ ಸಂಗತಿ. ಹೆಸರಿನ ಒಂದು ತುಣುಕನ್ನು ಕೊಟ್ಟು ಇಡೀ ಡಿಸ್ಕಿನಲ್ಲಿ ಹುಡುಕಿಸಿದರೆ ಸಿಕ್ಕುತ್ತದೆ. ಅಳಿಸಿದ್ದನ್ನು ಕೆಲಕಾಲ ಕೂಡಿಡುವ ಕಸದ ಬುಟ್ಟಿಯನ್ನೂ ನೋಡಬೇಕು. ಸರ್ವರಿನ ಬುಟ್ಟಿ ಬೇರೆ, ನಾವು ಬಳಸುವ ಲ್ಯಾಪ್‌ಟಾಪಿನ ಬುಟ್ಟಿ ಬೇರೆ ಎಂಬುದನ್ನು ಮರೆಯಬಾರದು.

ನಾಲ್ಕನೆಯದು ನಾಮಭೇದ. ಕನ್ನಡಿಗರಾದ ನಮಗೆ ಇದು ವಿಶೇಷವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಇಂದು ಯಂತ್ರಗಳಲ್ಲಿ ಕನ್ನಡವನ್ನು ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಬರೆಯುತ್ತೇವೆ. ಅದರಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ. ‘ಕೋಟೆ’ ಎಂಬಲ್ಲಿಯ ದೀರ್ಘ ಓಕಾರದ ಚಿಹ್ನೆಗೆ ತನ್ನದೇ ಆದ ಒಂದು ಸಂಖ್ಯೆಯುಂಟು. ಅದನ್ನೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರು ಸಂಖ್ಯೆಗಳಾಗಿ ಬಿಡಿಸಿ ಬರೆಯಲೂ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ ‘ಕೋಟೆ’. ಆ್ಯಪಲ್ ಕಂಪನಿಯ ಹಳೆಯ ಮ್ಯಾಕ್ ಯಂತ್ರಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲಿ ಇರಿಸುತ್ತಿದ್ದವು. ಲಿನಕ್ಸ್ ಸರ್ವರಿಗಾದರೋ ಸಂಖ್ಯೆಗಳು ಬೇರೆಯಾದರೆ ಹೆಸರೇ ಬೇರೆ. ಆದುದರಿಂದ ಒಂದು ರೂಪದಲ್ಲಿ ಹುಡುಕಿದವನಿಗೆ ಇನ್ನೊಂದು ರೂಪದಲ್ಲಿ ಬರೆದ ಕಡತವು ಕಣ್ಣೆದುರಿಗಿದ್ದೂ ಸಿಕ್ಕದೆ ಹೋಗಬಹುದು; ಒಂದೇ ಫೋಲ್ಡರಿನಲ್ಲಿ ಎರಡು ‘ಕೋಟೆ’ಗಳು ಅಕ್ಕಪಕ್ಕ ಕುಳಿತಿರಲೂಬಹುದು. ಅರ್ಧಾಕ್ಷರದಿಂದ ಮುಗಿಯುವ ಹೆಸರಿನ ತುದಿಯಲ್ಲಿ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಸೇರಿಸುವುದರಿಂದಲೂ ಇದೇ ತೊಡಕು. ಹಸ್ತಪ್ರತಿಗಳ ಪಾಠಾಂತರವನ್ನು ಕಂಡವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು.

ಹೆಸರಿನ ಉದ್ದವೂ ಗಮನಾರ್ಹ. ಸಾಮಾನ್ಯವಾಗಿ ಲಿನಕ್ಸ್ ಸರ್ವರಿನಲ್ಲಿ ಕಡತದ ಹೆಸರು ೨೫೫ ಬೈಟುಗಳನ್ನು ಮೀರುವಂತಿಲ್ಲ. ಅಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ೩ ಬೈಟುಗಳನ್ನು ನುಂಗುತ್ತದೆ. ಅಂದರೆ ೮೫ ಚಿಹ್ನೆಗಳಿಗೆ ಮಿತಿ ಮುಗಿಯಿತು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಚಿಹ್ನೆಗಳು, ೧೮ ಬೈಟುಗಳು ಬೇಕು. ನನ್ನಂಥ ಪಂಡಿತರು ಕಡತಕ್ಕೆ ಸಮಾಸಭೂಯಿಷ್ಠವಾದ ಹೆಸರಿಟ್ಟರೆ, ನಕಲು ಮಾಡುವ ತಂತ್ರಾಂಶವು ಅದನ್ನು ಮಾತ್ರ ಬಿಟ್ಟು ಮುಂದೆ ಹೋಗಿಬಿಡಬಹುದು. ಹೆಸರು ಚಿಕ್ಕದಾಗಿರಲಿ, ಮೊದಲಲ್ಲಿ ಇಸವಿಯಿರಲಿ.

ಐದನೆಯದು ಲಿಪಿಲೋಪ. ಯೂನಿಕೋಡ್ ರೂಢಿಗೆ ಬರುವ ಮುನ್ನ ಬೇರೆ ಬೇರೆ ಅಕ್ಷರವಿನ್ಯಾಸಗಳಿಗೆ ಹೊಂದಿಸಿ ಟೈಪು ಮಾಡಿದ ಬರಹಗಳು, ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಗೀಟುಗಳಂತೆ ತೋರುತ್ತವೆ. ಕೆಟ್ಟುಹೋಯಿತೆಂದು ಅವನ್ನು ಅಳಿಸಿದವರನ್ನು ನಾನು ಬಲ್ಲೆ. ಅವು ಕೆಟ್ಟಿರುವುದಿಲ್ಲ, ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಈ ಸಂದರ್ಭದಲ್ಲಿ ಮೈಸೂರಿನ ಒಂದು ಪ್ರಸಿದ್ಧ ಪ್ರಸಂಗ ಸ್ಮರಣೀಯ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಕಳೆದುಹೋದ ಗ್ರಂಥವೆಂದೇ ವಿದ್ವಲ್ಲೋಕ ಬಹುಕಾಲ ಭಾವಿಸಿತ್ತು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಅದು ಅಡಗಿತ್ತು. ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ, ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದರು. ಗ್ರಂಥ ಅಲ್ಲಿಯವರೆಗೂ ಇದ್ದೇ ಇತ್ತು. ಓದಿ ಇದು ಇಂಥದೆಂದು ಹೇಳುವವರು ಬೇಕಾಗಿದ್ದರು.

೫. ನಿಜವಾಗಿ ಅಳಿಸಿಹೋದಾಗ

ಮೇಲಿನ ಯಾವುದೂ ಕಾರಣವಾಗಿರದೆ, ಕಡತವನ್ನು ಯಾರೋ ಅಳಿಸಿಯೇ ಇದ್ದಾರೆಂದು ತಿಳಿದರೂ ಒಡನೆ ನಿರಾಶರಾಗಬಾರದು. ‘ಕಡತ’ವೆಂಬ ಶಬ್ದವನ್ನೇ ನೋಡೋಣ. ಹಿಂದೆ ಲೆಕ್ಕಿಗರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಕಡತವೆಂದು ಹೆಸರು. ಅದರ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದಿನ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಒರೆಸುವುದೂ ಅಲ್ಲ. ಬರಿಯ ಸೂಚಿಯಲ್ಲಿ ಹೆಸರಿಗೆ ಗೀಟು ಎಳೆದು, ಈ ಪುಟಗಳು ಇನ್ನು ಬೇರೆಯವರಿಗೆ ದೊರೆಯಬಹುದೆಂದು ಗುರುತು ಮಾಡುವುದು. ಬೇರೆ ಬರಹ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದುದರಿಂದ ಮೊದಲನೆಯ ವಿಧಿ: ಕಡತ ಕಾಣದಾದ ಕ್ಷಣದಿಂದ ಆ ಡಿಸ್ಕಿಗೆ ಏನನ್ನೂ ಬರೆಯಬಾರದು. ಹುಡುಕುವ ತಂತ್ರಾಂಶವನ್ನೂ ಆ ಡಿಸ್ಕಿನಲ್ಲಿ ಸ್ಥಾಪಿಸಕೂಡದು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕುಗಳಲ್ಲಿ ಬಿಟ್ಟುಕೊಟ್ಟ ಪುಟಗಳನ್ನು ಯಂತ್ರವೇ ಬೇಗನೆ ಬರಿದುಮಾಡುವುದರಿಂದ ಈ ಆಶೆ ಕಡಮೆ.

ಕೆಲವು ಸರ್ವರುಗಳು ಗೊತ್ತಾದ ಹೊತ್ತಿಗೊಮ್ಮೆ ಇಡೀ ಸಂಗ್ರಹದ ಸ್ಥಿತಿಯನ್ನು ‘ಸ್ನ್ಯಾಪ್‌ಶಾಟ್’ ಎಂಬ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತವೆ. ಆ ಏರ್ಪಾಡು ಇದ್ದರೆ ನಿನ್ನೆಯ ಸ್ಥಿತಿಯಿಂದ ಕಡತವನ್ನು ನೇರವಾಗಿ ತರಬಹುದು. ಅದಿಲ್ಲದಿದ್ದರೆ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ರಚಿಸಿ ಉಚಿತವಾಗಿ ಕೊಟ್ಟಿರುವ ‘ಟೆಸ್ಟ್‌ಡಿಸ್ಕ್’, ‘ಫೋಟೋರೆಕ್’ ಎಂಬ ತಂತ್ರಾಂಶಗಳುಂಟು. ಎರಡನೆಯದು ಸ್ವಾರಸ್ಯವಾದುದು. ಹಸ್ತಪ್ರತಿಯ ಪ್ರಾರಂಭದಲ್ಲಿ ‘ಶ್ರೀ’ಕಾರವಿರುವಂತೆ, ಜೆಪೆಗ್ ಬಗೆಯ ಪ್ರತಿಯೊಂದು ಚಿತ್ರವೂ ಎಫ್‌ಎಫ್, ಡಿ೮ ಎಂಬ ಎರಡು ಬೈಟುಗಳಿಂದಲೇ ಆರಂಭವಾಗುತ್ತದೆ. ಸೂಚಿಯನ್ನು ನೆಚ್ಚದೆ, ಡಿಸ್ಕನ್ನೆಲ್ಲ ಓದುತ್ತ ಇಂಥ ಆರಂಭಗಳನ್ನು ಗುರುತಿಸಿ ಕಡತಗಳನ್ನು ಅದು ಎತ್ತಿಕೊಡುತ್ತದೆ. ಆದರೆ ಹೆಸರುಗಳು ಬರುವುದಿಲ್ಲ. ದಾರ ಹರಿದು ಅಂಕಿ ಅಳಿದ ಓಲೆಗರಿಗಳನ್ನು ಜೋಡಿಸುವ ಶ್ರಮವು ಆಮೇಲೆ ನಮ್ಮದು.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಬರುತ್ತಿದ್ದರೆ ಮಾತ್ರ ಇವು ಯಾವುದನ್ನೂ ಮಾಡದೆ ವಿದ್ಯುತ್ತನ್ನು ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸತಕ್ಕದ್ದು. ಅಂಥ ಡಿಸ್ಕನ್ನು ಮತ್ತೆ ಮತ್ತೆ ಓಡಿಸಿದಷ್ಟೂ ಅಪಾಯ.

೬. ರಕ್ಷಣೆಯ ಕ್ರಮ

ನನ್ನ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದು, ಒಂದರಲ್ಲಿ ಬರೆದದ್ದು ಮತ್ತೊಂದರಲ್ಲಿಯೂ ಮೂಡುತ್ತದೆ. ಈ ‘ರೇಡ್’ ಪದ್ಧತಿಯನ್ನು ಆ ಹೆಸರಿನಿಂದ ಶಾಸ್ತ್ರೀಯವಾಗಿ ನಿರೂಪಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮೂವರು ವಿದ್ವಾಂಸರು, ವರ್ಷ ೧೯೮೮. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ನಿಜ. ಆದರೆ ಇದು ಕನ್ನಡಿ. ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲಿಯೂ ಮಸಿಯೇ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಇದನ್ನು ಪ್ರತಿಯೆಂದು ನಂಬಿ ಕುಳಿತಿದ್ದ ನನ್ನಂಥವರು ಎಷ್ಟು ಜನರೋ!

೨೦೨೧ರ ಜೂನ್ ತಿಂಗಳಲ್ಲಿ ಜಗತ್ತಿನ ಅನೇಕ ಮನೆಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಸಂಗ್ರಹಯಂತ್ರಗಳು ರಾತ್ರಿ ಬೆಳಗಾಗುವುದರೊಳಗೆ ಬರಿದಾದವು. ಅವುಗಳ ತಂತ್ರಾಂಶಕ್ಕೆ ೨೦೧೫ರಿಂದೀಚೆಗೆ ತಿದ್ದುಪಡಿ ಬಂದಿರಲಿಲ್ಲ. ಅಂತರ್ಜಾಲದ ಮೂಲಕ ದುಷ್ಟರು ಹೊಕ್ಕು ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟಿದ್ದರು. ಮನೆಯ ಸರ್ವರನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡಬಾರದೆಂಬುದಕ್ಕೆ ಇದು ನಿದರ್ಶನ. ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವಿದೆ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಯತೊಡಗಿದವು. ಸಂಸ್ಥೆಯ ಪ್ರತಿಗಳು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಆಗ ತಿಳಿಯಿತು. ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಎಂಬ ಮಹಿಳೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದರು. ಬೇರೊಂದು ಸೂರಿನಡಿಯ ಒಂದು ಪ್ರತಿಯು ಅಷ್ಟು ದೊಡ್ಡ ಸಂಸ್ಥೆಯ ಕೆಲಸವನ್ನು ಉಳಿಸಿತು.

ಬಲ್ಲವರು ಇದನ್ನೇ ಮೂರು, ಎರಡು, ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ನಾನು ಈಗ ಹೀಗೆ ಮಾಡಿದ್ದೇನೆ. ಸರ್ವರಿನಲ್ಲಿ ಒಂದು ಪ್ರತಿ. ನಕಲಾದೊಡನೆ ಕಿತ್ತು ಬೀರುವಿನಲ್ಲಿಡುವ ಡಿಸ್ಕಿನಲ್ಲಿ ಒಂದು ಪ್ರತಿ. ಮಧುಗಿರಿಯಲ್ಲಿರುವ ಅಳಿಯನ ಮನೆಯಲ್ಲಿ ಒಂದು ಪ್ರತಿ. ಇವುಗಳ ಜೊತೆಗೆ ಕಡತಗಳ ಹೆಸರು, ಸಂಖ್ಯೆ, ತುಂಬಿದ ಅಳತೆ ಇವನ್ನು ಕಾಗದದ ಮೇಲೆ ಬರೆದ ಒಂದು ಸೂಚಿ. ಯಂತ್ರದ ಮೇಲಿನ ಒಂದು ಚೀಟಿಯಿಲ್ಲದಿದ್ದರೆ ಆ ೧೮ ಗಿಗಾಬೈಟಿನ ಭಾರ ನನಗೆ ಕಾಣುತ್ತಲೇ ಇರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಯಂತ್ರದ ಧೂಳು ಒರೆಸುವಾಗ, ಬೀರುವಿನ ಪ್ರತಿಯಿಂದ ಕೆಲವು ಕಡತಗಳನ್ನು ಮರಳಿ ತಂದು ತೆರೆದು ನೋಡುತ್ತೇನೆ. ತೆರೆದು ನೋಡದ ಪ್ರತಿಯು ಇದೆಯೆಂದು ಹೇಳುವಂತಿಲ್ಲ.

೭. ಉಪಸಂಹಾರ

ಸಂಗ್ರಹಿಸಿ ಹೇಳುವುದಾದರೆ ಕ್ರಮ ಇಷ್ಟು. ಕಡತವು ಕಾಣದಾದಾಗ ಮೊದಲು ಬರೆಯುವುದನ್ನು ನಿಲ್ಲಿಸಬೇಕು. ಪರದೆಯು ಕೇಳಿದ ಮಾತ್ರಕ್ಕೆ ಒಪ್ಪಿಗೆ ಕೊಡಕೂಡದು. ಅನಂತರ ಡಿಸ್ಕಿನ ಅಳತೆ, ಬಳಕೆದಾರನ ಹೆಸರು, ಪಕ್ಕದ ಫೋಲ್ಡರು, ಕಸದ ಬುಟ್ಟಿ, ಹೆಸರಿನ ಅಕ್ಷರ, ಇವನ್ನು ಈ ಅನುಕ್ರಮದಲ್ಲಿ ನೋಡಬೇಕು. ಸ್ನ್ಯಾಪ್‌ಶಾಟನ್ನೂ ಬೇರೆಡೆಯ ಪ್ರತಿಗಳನ್ನೂ ಅನಂತರ ವಿಚಾರಿಸಬೇಕು. ಕಡೆಯದಾಗಿ ಹುಡುಕುವ ತಂತ್ರಾಂಶ ಅಥವಾ ಪರಿಣತರ ನೆರವು. ಅಪರಾಧಿ ಯಾರೆಂಬ ವಿಚಾರ ಇವೆಲ್ಲಕ್ಕೂ ಆಮೇಲೆ. ಬಹುಶಃ ಅಷ್ಟು ಹೊತ್ತಿಗೆ ಅದರ ಅಗತ್ಯವೇ ಇರುವುದಿಲ್ಲ.

ನನ್ನ ಅಳಿಯನ ಕ್ಷಮೆಯನ್ನು ಅವನ ಮನೆಗೆ ಹೋಗಿ ಕೇಳಿದ್ದೇನೆ. ದೂಷಿಸಿದ್ದು ನಾಲ್ಕು ಜನರ ಎದುರಿನಲ್ಲಾದುದರಿಂದ ಇಲ್ಲಿಯೂ ಕೇಳುತ್ತಿದ್ದೇನೆ. ದಾರಿ ತೋರಿದ ಹಳೆಯ ವಿದ್ಯಾರ್ಥಿಗೆ ನಾನು ಒಂದು ಕಾಲದಲ್ಲಿ ಲೋಪಸಂಧಿಯನ್ನು ಹೇಳಿಕೊಟ್ಟಿದ್ದೆ. ಅವರು ಅದನ್ನು ಬಡ್ಡಿಸಹಿತ ಮರಳಿಸಿದ್ದಾರೆ.

ಚಿತ್ರಗಳನ್ನು ಕೊಟ್ಟ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನಿಶ್ಚಿಂತರಾಗಿರಬಹುದು. ಅವರು ನಂಬಿ ಕೊಟ್ಟ ನ್ಯಾಸವು ಪೂರ್ಣವಾಗಿದೆ, ಮೂರು ಕಡೆ ಇದೆ. ಬೀಸುವ ಪದಗಳನ್ನೂ ಕಡಲೆಕಾಯಿ ಬಿಡಿಸುವ ಪದಗಳನ್ನೂ ಕೇಳಬಯಸುವವರು ಯಾವ ಭಾನುವಾರವಾದರೂ ಮನೆಗೆ ಬರಬಹುದು. ತಮ್ಮ ಊರಿನ ಅಜ್ಜಿಯರ ಹಾಡುಗಳ ಮುದ್ರಿಕೆಗಳು ಯಾರಲ್ಲಾದರೂ ಇದ್ದರೆ ದಯಮಾಡಿ ಒಂದು ಪ್ರತಿಯನ್ನು ಕೊಡಬೇಕೆಂದೂ, ಕೊಡುವ ಮೊದಲು ಮೂಲವನ್ನು ಅಳಿಸಬಾರದೆಂದೂ ಪ್ರಾರ್ಥಿಸುತ್ತೇನೆ. ಈ ಲೇಖನದಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಿ ತಿಳಿಸಿದಲ್ಲಿ ಉಪಕೃತನಾಗುವೆನು.